ಗುಂಗುರು ರೋಮದ ಬೆಕ್ಕೂ ಸಾಕುವವನ ಧರ್ಮವೂ

ಹರಪನಹಳ್ಳಿ ಸೀಮೆಯ ಅರಸೀಕೆರೆಯಲ್ಲಿಯೂ ಉಚ್ಚಂಗಿದುರ್ಗದ ಸುತ್ತಣ ಹಳ್ಳಿಗಳಲ್ಲಿಯೂ ಬೆಕ್ಕನ್ನು ಆರಿಸಿ ತಂದವರು ವಿರಳ. ರೈತನು ಎತ್ತನ್ನು ಆರಿಸುತ್ತಾನೆ. ಕುರುಬನು ಟಗರನ್ನು ಆರಿಸುತ್ತಾನೆ. ಬೆಕ್ಕಾದರೋ ತಾನೇ ಮನೆಯನ್ನು ಆರಿಸಿಕೊಂಡು ಬರುತ್ತದೆ. ಸುಗ್ಗಿ ಮುಗಿದು ಜೋಳದ ಚೀಲಗಳು ಒಳಸೇರಿದವೆಂದರೆ ಇಲಿ ಬಂತು. ಇಲಿಯ ಜಾಡು ಹಿಡಿದು ಬೆಕ್ಕು ಬಂತು. ಮನೆಯಾಕೆ ಹಾಲಿನಲ್ಲಿ ನೆನೆಸಿದ ರೊಟ್ಟಿಯ ಚೂರನ್ನು ಒಲೆಯ ಮಗ್ಗುಲಲ್ಲಿಟ್ಟಳು. ಅದು ತಿಂದು ಅಟ್ಟವನ್ನೇರಿತು. ಅದರ ಕುಲವನ್ನು ವಿಚಾರಿಸಿದವರಿಲ್ಲ, ಬೆಲೆ ಕಟ್ಟಿದವರಿಲ್ಲ. ಈ ಸಂಬಂಧವು ಬಹು ಹಳೆಯದು. ಪಶ್ಚಿಮ ಏಷ್ಯದಲ್ಲಿ ಮನುಷ್ಯನು ಧಾನ್ಯವನ್ನು ಕೂಡಿಡಲು ಕಲಿತ ಕಾಲದಲ್ಲಿಯೇ ಕಾಡುಬೆಕ್ಕು ಅವನ ಕಣಜದ ಬಳಿ ಸುಳಿಯತೊಡಗಿತೆಂದು ಶೋಧಕರು ಹೇಳುತ್ತಾರೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಒಬ್ಬ ಮನುಷ್ಯನ ಪಕ್ಕದಲ್ಲಿ ಹೂಳಲ್ಪಟ್ಟ ಬೆಕ್ಕಿನ ಅಸ್ಥಿಪಂಜರವು ದೊರೆತ ಸಂಗತಿ 2004ರಲ್ಲಿ ಪ್ರಕಟವಾಯಿತು.

ಈಚೆಗೆ ಮತ್ತೊಂದು ಬಗೆಯ ಬೆಕ್ಕು ಮನೆಗಳನ್ನು ಸೇರುತ್ತಲಿದೆ. ಬೆಂಗಳೂರು ಮೊದಲಾದ ನಗರಗಳಲ್ಲಿ ಪರ್ಷಿಯನ್ ಬೆಕ್ಕಿನ ಮರಿಗಳು ಹಣಕ್ಕೆ ಬಿಕರಿಯಾಗುತ್ತವೆ. ಉದ್ಯೋಗಕ್ಕೆಂದು ನಗರವನ್ನು ಸೇರಿದ ಮಕ್ಕಳು ಹಬ್ಬಕ್ಕೆ ಊರಿಗೆ ಬರುವಾಗ ಬುಟ್ಟಿಯಲ್ಲಿ ಅಂಥದೊಂದನ್ನು ತಂದರೆ ಇಂದು ಯಾರೂ ಬೆರಗಾಗರು. ಇಂಥ ಕುಲೀನ ಬೆಕ್ಕುಗಳ ಪೈಕಿ ಅತ್ಯಂತ ವಿಚಿತ್ರವಾದವು ಗುಂಗುರು ರೋಮದವು. ಇಂಗ್ಲೆಂಡಿನ ಕಾರ್ನಿಷ್ ರೆಕ್ಸ್, ಡೆವನ್ ರೆಕ್ಸ್, ಅಮೆರಿಕದ ಸೆಲ್ಕರ್ಕ್ ರೆಕ್ಸ್, ಲಾಪರ್ಮ್ ಎಂಬ ಹೆಸರಿನ ಈ ತಳಿಗಳು ಕನ್ನಡ ನಾಡಿನಲ್ಲಿ ಅಪರೂಪವೇ ಸರಿ. ಆದರೂ ಕುಲವನ್ನು ನೋಡಿ ಬೆಕ್ಕನ್ನು ಕೊಳ್ಳುವ ಪ್ರತಿಯೊಬ್ಬನಿಗೂ ಎದುರಾಗುವ ಧರ್ಮಪ್ರಶ್ನೆಯು ಇವುಗಳ ವಿಷಯದಲ್ಲಿ ಮುಚ್ಚುಮರೆಯಿಲ್ಲದೆ ಕಾಣಿಸಿಕೊಳ್ಳುತ್ತದೆ. ಆದುದರಿಂದ ಇವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುವುದು ಯುಕ್ತ. ಪ್ರಶ್ನೆಯಿದು: ಕೇವಲ ರೂಪಕ್ಕಾಗಿ ಒಂದು ಜೀವವನ್ನು ಆರಿಸುವುದು ಧರ್ಮವೆ? ಆರಿಸಿದವನಿಗೆ ಅದರಿಂದ ಅಂಟುವ ಋಣವೆಷ್ಟು?

ಮಹಾಭಾರತದ ಶಾಂತಿಪರ್ವದಲ್ಲಿ ಒಂದು ಬೆಕ್ಕಿನ ಕಥೆಯುಂಟು. ಅದರ ಹೆಸರು ಲೋಮಶ, ಎಂದರೆ ಸಮೃದ್ಧವಾದ ರೋಮವುಳ್ಳದ್ದು. ಆಲದ ಮರದ ಮೇಲಿದ್ದ ಆ ಬೆಕ್ಕು ಬೇಡನ ಬಲೆಯಲ್ಲಿ ಸಿಕ್ಕಿಬಿದ್ದಿತು. ಅದೇ ಮರದ ಬುಡದಲ್ಲಿದ್ದ ಪಲಿತನೆಂಬ ಇಲಿಗೆ ಆ ಹೊತ್ತಿಗೆ ಸರಿಯಾಗಿ ನೆಲದ ಮೇಲೆ ಮುಂಗುಸಿಯೂ ಕೊಂಬೆಯ ಮೇಲೆ ಗೂಗೆಯೂ ಕಾಣಿಸಿದವು. ಇಲಿಯು ಬೆಕ್ಕಿನೊಡನೆ ಒಪ್ಪಂದ ಮಾಡಿಕೊಂಡು ಅದರ ಮೈಯ ಮರೆಯಲ್ಲಿ ಅಡಗಿ ಪ್ರಾಣವುಳಿಸಿಕೊಂಡಿತು. ಬದಲಾಗಿ ಬಲೆಯನ್ನು ಕಡಿದುಕೊಟ್ಟಿತು. ಆದರೆ ಕೊನೆಯ ಎಳೆಯನ್ನು ಕಡಿದದ್ದು ಬೇಡನು ಹತ್ತಿರ ಬಂದ ಮೇಲೆಯೇ. ಆಮೇಲೆ ಬೆಕ್ಕು ಸ್ನೇಹವನ್ನು ಮುಂದುವರಿಸೋಣವೆಂದು ಕರೆದಾಗ ಪಲಿತನು ಬಿಲದಿಂದ ಹೊರಬರಲಿಲ್ಲ. ಕಾರಣದಿಂದ ಹುಟ್ಟಿದ ಸ್ನೇಹವು ಕಾರಣದೊಡನೆಯೇ ಮುಗಿಯುವುದೆಂಬುದು ಅವನ ಮಾತಿನ ತಾತ್ಪರ್ಯ. ಅರಸೀಕೆರೆಯ ಮನೆಗೂ ಅಟ್ಟದ ಬೆಕ್ಕಿಗೂ ಇರುವ ನಂಟು ಈ ಜಾತಿಯದು. ಅದರಲ್ಲಿ ವಂಚನೆಯಿಲ್ಲ. ಮನೆಗೆ ಇಲಿಯ ಕಾಟ ತಪ್ಪಬೇಕು. ಬೆಕ್ಕಿಗೆ ಇಲಿಯೂ ಬೆಚ್ಚನೆಯ ಮೂಲೆಯೂ ಬೇಕು. ಒಬ್ಬರಿಗೊಬ್ಬರು ಬೇಡವಾದ ದಿನ ಬೆಕ್ಕು ಪಕ್ಕದ ಮನೆಯನ್ನು ಸೇರುತ್ತದೆ. ಅದಕ್ಕೆ ಆ ಶಕ್ತಿಯುಂಟು.

ಸಾವಿರಾರು ರೂಪಾಯಿ ಕೊಟ್ಟು ತಂದ ಗುಂಗುರು ಬೆಕ್ಕಿನ ವಿಷಯದಲ್ಲಾದರೆ ಇಂಥ ಕಾರಣವಾವುದೂ ಇಲ್ಲ. ಇಲಿ ಹಿಡಿಯಲೆಂದು ಅದನ್ನು ತಂದವರಿಲ್ಲ. ಕಣ್ಣಿಗೆ ಹಿತವಾಯಿತು, ಕೈಗೆ ಮೆತ್ತಗಾಯಿತು, ಅಷ್ಟೆ. ಕಣ್ಣಿನ ಹಿತವೋ ನಾಲ್ಕು ತಿಂಗಳಲ್ಲಿ ಹಳತಾಗುವಂಥದು. ಬೆಕ್ಕಿನ ಆಯುಷ್ಯವೋ ಹನ್ನೆರಡು ಹದಿನೈದು ವರ್ಷ. ನಡುವಿನ ಅವಧಿಯನ್ನು ಯಾವುದು ತುಂಬಬೇಕು? ಅದೇ ಇಲ್ಲಿ ವಿಚಾರಿಸಬೇಕಾದ ವಸ್ತು.

ಪ್ರಾಣಿಯನ್ನು ಆರಿಸುವ ವಿದ್ಯೆ ಈ ನಾಡಿಗೆ ಹೊಸದಲ್ಲ. ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಹಲ್ಲನ್ನು ನೋಡುತ್ತಾನೆ, ಗೊರಸನ್ನು ಒತ್ತಿ ನೋಡುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ ಮೈಮೇಲಣ ಸುಳಿಯನ್ನು ನೋಡುತ್ತಾನೆ. ಕೂದಲು ಯಾವೆಡೆಯಲ್ಲಿ ಯಾವ ಬಗೆಯಾಗಿ ಸುತ್ತಿದೆಯೆಂಬುದರ ಮೇಲೆ ಒಳ್ಳೆಯ ಎತ್ತಿನ ಬೆಲೆ ಕುಸಿದುಹೋಗುವುದುಂಟು. ಅಶ್ವಶಾಸ್ತ್ರಕಾರರು ಕುದುರೆಯ ಆವರ್ತಗಳನ್ನು ಕುರಿತು ಅಧ್ಯಾಯಗಳನ್ನೇ ಬರೆದರು. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಆನೆ ಕುದುರೆಗಳಿಗಿರಲಿ, ಬೇಟೆನಾಯಿಗೂ ಸ್ಥಾನವುಂಟು. ಆದರೆ ಅದೇ ಚಾಲುಕ್ಯರ ಮನೆತನದ ಕೀರ್ತಿವರ್ಮನು ಅದೇ ಶತಮಾನದ ಮೊದಲ ಭಾಗದಲ್ಲಿ ಕನ್ನಡದಲ್ಲಿಯೇ ಗೋವೈದ್ಯವನ್ನು ಬರೆದನೆಂಬುದನ್ನು ಮರೆಯಲಾಗದು. ಲಕ್ಷಣವನ್ನು ನೋಡಿ ಆರಿಸುವುದು ಒಂದು ಶಾಸ್ತ್ರ, ರೋಗವನ್ನು ನೋಡಿ ಆರೈಕೆ ಮಾಡುವುದು ಇನ್ನೊಂದು. ಒಂದೇ ಮನೆತನದವರು ಎರಡಕ್ಕೂ ಲೇಖನಿ ಹಿಡಿದುದು ಆಕಸ್ಮಿಕವಿರಬಹುದು; ಆದರೆ ಇಂದು ತಳಿಯ ಬೆಕ್ಕನ್ನು ಕೊಳ್ಳುವವರಲ್ಲಿ ಹೆಚ್ಚಿನವರ ಬಳಿ ಮೊದಲನೆಯ ಪುಸ್ತಕ ಮಾತ್ರ ಇರುವಂತೆ ತೋರುತ್ತದೆ.

ಬೆಕ್ಕಿಗೆ ಲಕ್ಷಣಶಾಸ್ತ್ರ ಹುಟ್ಟಿದ್ದು ಬಹಳ ತಡವಾಗಿ. ಲಂಡನ್ನಿನ ಸ್ಫಟಿಕಸೌಧದಲ್ಲಿ 1871ರಲ್ಲಿ ಹ್ಯಾರಿಸನ್ ವಿಯರ್ ಎಂಬಾತನು ಏರ್ಪಡಿಸಿದ ಪ್ರದರ್ಶನದಿಂದೀಚೆಗೆ ಬೆಕ್ಕುಗಳಿಗೆ ಅಂಕ ಕೊಡುವ, ವಂಶಾವಳಿ ಬರೆದಿಡುವ ಪದ್ಧತಿ ಬೆಳೆಯಿತು. ಇಲ್ಲಿ ಕುಲವೆಂದರೇನೆಂಬುದನ್ನು ಸ್ವಲ್ಪ ನಿಂತು ನೋಡಬೇಕು. ಏತಕ್ಕೆಂದರೆ ಗುಂಗುರು ಬೆಕ್ಕುಗಳ ಕುಲಮೂಲವನ್ನು ಬಲ್ಲವರಿಗೆ ಕುಲವೆಂಬ ಶಬ್ದದ ಮೇಲಣ ಭಕ್ತಿ ತುಸು ಸಡಿಲವಾಗುವುದು ಖಂಡಿತ.

1950ರ ಜುಲೈಯಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಬಾಡ್‌ಮಿನ್ ಬಯಲಿನಲ್ಲಿ ಸೆರೀನಾ ಎಂಬ ಸಾಮಾನ್ಯ ಹೆಣ್ಣುಬೆಕ್ಕು ಐದು ಮರಿ ಹಾಕಿತು. ನಾಲ್ಕು ಎಲ್ಲ ಬೆಕ್ಕುಗಳಂತಿದ್ದವು. ಕೆನೆಬಣ್ಣದ ಒಂದು ಗಂಡುಮರಿಯ ಮೈಮೇಲೆ ಮಾತ್ರ ರೋಮವು ಅಲೆಯಲೆಯಾಗಿ ಸುರುಳಿಗೊಂಡಿತ್ತು. ಅದಕ್ಕೆ ಕಲಿಬಂಕರ್ ಎಂದು ಹೆಸರಾಯಿತು. ಗುಂಗುರು ರೋಮದ ಮೊಲಗಳಿಗೆ ಮೊದಲೇ ರೆಕ್ಸ್ ಎಂಬ ಹೆಸರಿದ್ದುದರಿಂದ ಇದಕ್ಕೂ ಅದೇ ಹೆಸರು ಬಂದಿತು. ಹತ್ತು ವರ್ಷಗಳ ತರುವಾಯ, 1960ರಲ್ಲಿ, ನೆರೆಯ ಡೆವನ್ ಪ್ರಾಂತದ ಬಕ್‌ಫಾಸ್ಟ್‌ಲೀ ಎಂಬಲ್ಲಿ ಪಾಳುಬಿದ್ದ ತವರದ ಗಣಿಯ ಸುತ್ತ ತಿರುಗುತ್ತಿದ್ದ ಒಂದು ಕಾಡುಪೋಲಿ ಗಂಡುಬೆಕ್ಕಿನಿಂದ ಒಂದು ಬೀದಿಬೆಕ್ಕಿಗೆ ಕರ್ಲಿ ಎಂಬ ಮರಿ ಹುಟ್ಟಿತು. ಎರಡೂ ಒಂದೇ ವಂಶವಿರಬೇಕೆಂದು ಊಹಿಸಿ ಕೂಡಿಸಿ ನೋಡಿದರೆ ಮರಿಗಳೆಲ್ಲ ನೆಟ್ಟನೆಯ ರೋಮದವೇ ಹುಟ್ಟಿದವು. ಎರಡರ ಬೀಜಕಾರಣಗಳೂ ಬೇರೆಬೇರೆಯೆಂಬುದು ಹಾಗೆ ಗೊತ್ತಾಯಿತು. ಅಮೆರಿಕದ ಆರೆಗಾನ್ ಪ್ರಾಂತದಲ್ಲಿ 1982ರಲ್ಲಿ ತೋಟದ ಕೊಟ್ಟಿಗೆಯೊಂದರಲ್ಲಿ ಇಲಿ ಹಿಡಿಯುತ್ತಿದ್ದ ಬೆಕ್ಕಿಗೆ ಬೋಳುಮೈಯ ಮರಿಯೊಂದು ಹುಟ್ಟಿ ಬೆಳೆಯುತ್ತ ಬೆಳೆಯುತ್ತ ಗುಂಗುರಾಯಿತು. ಅದೇ ಲಾಪರ್ಮ್ ತಳಿಯ ಮೂಲಮಾತೆ. 1987ರಲ್ಲಿ ಅದೇ ದೇಶದ ಪಶ್ಚಿಮದ ಅನಾಥಪ್ರಾಣಿಗಳ ಆಶ್ರಯಾಲಯವೊಂದರಿಂದ ಬಂದ ಹೆಣ್ಣುಮರಿ ಸೆಲ್ಕರ್ಕ್ ತಳಿಗೆ ಆದಿಯಾಯಿತು.

ಬಯಲಿನ ಬೆಕ್ಕು, ಗಣಿಯ ಪೋಲಿ, ಕೊಟ್ಟಿಗೆಯ ಇಲಿಹಿಡುಕ, ಅನಾಥಾಲಯದ ಮರಿ: ಇವೇ ಆ ನಾಲ್ಕು ಮಹಾಕುಲಗಳ ಗೋತ್ರಪುರುಷರು. ನದೀಮೂಲವನ್ನೂ ಋಷಿಮೂಲವನ್ನೂ ಕೆದಕಬಾರದೆಂಬ ಹಿರಿಯರ ಮಾತು ಬೆಕ್ಕಿಗೂ ಸಲ್ಲುವುದೆಂದು ಯಾರು ಬಲ್ಲರು! ಇದರಿಂದ ಸಿದ್ಧವಾಗುವ ಅಂಶವಿಷ್ಟು. ಪ್ರಕೃತಿಯು ಮಾಡಿದುದು ಒಂದು ಆಕಸ್ಮಿಕ ಮಾತ್ರ. ಅದು ಒಂದೆರಡು ತಲೆಮಾರಿನಲ್ಲಿ ತಾನೇ ಕರಗಿಹೋಗುತ್ತಿತ್ತು. ಆ ಆಕಸ್ಮಿಕವನ್ನು ಹಿಡಿದು ನಿಲ್ಲಿಸಿ ಅದನ್ನೊಂದು ಕುಲವಾಗಿ ಮಾಡಿದವನು ಮನುಷ್ಯ. ಕಾರ್ನಿಷ್ ರೆಕ್ಸಿನ ಗುಣವು ಸುಪ್ತವಾದುದು, ತಾಯಿತಂದೆಗಳಿಬ್ಬರಿಂದಲೂ ಬಂದರೆ ಮಾತ್ರ ಪ್ರಕಟವಾಗತಕ್ಕದ್ದು. ಆದುದರಿಂದ ತಳಿಯನ್ನು ಉಳಿಸಲು ಕಲಿಬಂಕರನನ್ನು ತಾಯಿಯಾದ ಸೆರೀನಾಳೊಡನೆಯೇ ಕೂಡಿಸಿದರು. ಸಗೋತ್ರದ ಮಾತನ್ನೆತ್ತಿದರೆ ನಗುವ ಕಾಲವಿದು. ಆದರೆ ಹತ್ತಿರದ ರಕ್ತ ಬೆರೆತರೆ ಸಂತತಿ ದುರ್ಬಲವಾಗುವುದೆಂಬುದನ್ನು ಆ ತಳಿಗಾರರೇ ಕಂಡುಕೊಂಡು ಮುಂದೆ ಸಯಾಮಿ, ಬರ್ಮೀ ಮೊದಲಾದ ಬೇರೆ ಬೆಕ್ಕುಗಳ ರಕ್ತವನ್ನು ತಂದು ಸೇರಿಸಬೇಕಾಯಿತು.

ಗುಂಗುರು ಎಂಬುದು ಕೇವಲ ಅಲಂಕಾರವಾಗಿದ್ದಲ್ಲಿ ಈ ವಿಚಾರವನ್ನು ಇಲ್ಲಿಗೇ ಮುಗಿಸಬಹುದಾಗಿತ್ತು. ಹಾಗಿಲ್ಲ. ಬೆಕ್ಕಿನ ಮೈಯನ್ನು ಮೂರು ಬಗೆಯ ರೋಮಗಳು ಹೊದೆದಿರುತ್ತವೆ. ಮೇಲಣ ಒರಟು ಕಾವಲುರೋಮ, ಅದರ ಕೆಳಗೆ ನಡುರೋಮ, ಎಲ್ಲಕ್ಕೂ ಒಳಗೆ ಮೃದುವಾದ ಒಳತುಪ್ಪಳ. ಮಳೆಯನ್ನೂ ಬಿಸಿಲನ್ನೂ ಮುಳ್ಳನ್ನೂ ತಡೆಯುವುದು ಮೇಲಣ ಪದರ. ಕಾರ್ನಿಷ್ ರೆಕ್ಸಿಗೆ ಅದೇ ಇಲ್ಲ. ಅದು ಒಳತುಪ್ಪಳವನ್ನಷ್ಟೇ ಹೊದ್ದು ಹುಟ್ಟುತ್ತದೆ. ಮೇಲುಹೊದಿಕೆಯನ್ನು ಕಿತ್ತುಕೊಂಡು ಒಳಂಗಿಯಲ್ಲಿ ನಿಲ್ಲಿಸಿದಂತೆ. ಡೆವನ್ ರೆಕ್ಸಿಗೆ ಮೂರೂ ಇದ್ದರೂ ಮೂರೂ ಕುಂಠಿತ. ಮೀಸೆಯು ಸಹ ಮುರುಟಿಕೊಂಡು ಮುರಿದಿರುತ್ತದೆ. ಕತ್ತಲೆಯಲ್ಲಿ ಸಂದನ್ನು ಅಳೆಯಲು ಬೆಕ್ಕಿಗೆ ಮೀಸೆಯೇ ಕೈ ಎಂಬುದನ್ನು ಬಲ್ಲವರು ಇದನ್ನು ಲಘುವಾಗಿ ಎಣಿಸಲಾರರು. 2010ರಲ್ಲಿ ಪ್ರಕಟವಾದ ಶೋಧನೆಯಿಂದ ಡೆವನ್ನಿನ ಗುಂಗುರಿಗೂ ಸ್ಫಿಂಕ್ಸ್ ಎಂಬ ಬೋಳುಬೆಕ್ಕಿನ ಬೋಳಿಗೂ ಕಾರಣವಾದ ದೋಷವು ರೋಮದ ಸತ್ತ್ವವನ್ನು ರಚಿಸುವ ಒಂದೇ ವಂಶವಾಹಿಯಲ್ಲಿದೆಯೆಂದು ತಿಳಿದುಬಂದಿತು. 2013ರಲ್ಲಿ ಕಾರ್ನಿಷ್ ಬೆಕ್ಕಿನ ಕಾರಣವೂ ಪತ್ತೆಯಾಯಿತು. ಅದೇ ವಂಶವಾಹಿ ಕೆಟ್ಟ ಮನುಷ್ಯರಲ್ಲಿ ತಲೆಗೂದಲು ಉಣ್ಣೆಯಂತಾಗಿ ವಿರಳವಾಗುತ್ತದೆ. ವೈದ್ಯನು ಒಬ್ಬ ಬಾಲಕನಲ್ಲಿ ವ್ಯಾಧಿಯೆಂದು ಬರೆದುಕೊಳ್ಳುವುದನ್ನೇ ಪ್ರದರ್ಶನದ ಪರೀಕ್ಷಕನು ಬೆಕ್ಕಿನಲ್ಲಿ ಲಕ್ಷಣವೆಂದು ಬರೆದು ಅಂಕ ಕೊಡುತ್ತಾನೆ.

ಇಲ್ಲಿ ಒಬ್ಬ ಪೂರ್ವಪಕ್ಷಿಯು ಎದ್ದು ಕೇಳಬಹುದು: ಮನುಷ್ಯನು ಯಾವ ಪ್ರಾಣಿಯನ್ನು ತಾನೆ ತಿದ್ದದೆ ಬಿಟ್ಟಿದ್ದಾನೆ? ಅರಸೀಕೆರೆಯ ಬೀದಿಯಲ್ಲಿ ನಿತ್ಯವೂ ಹಾಯುವ ಕುರಿಹಿಂಡನ್ನು ನೋಡಿರಿ. ಬಳ್ಳಾರಿ ತಳಿಯೆಂದು ಹೆಸರಾದ ಆ ಕುರಿಯ ಉಣ್ಣೆಯೂ ಮನುಷ್ಯನ ಆಯ್ಕೆಯ ಫಲವಲ್ಲವೆ? ಮುಧೋಳದ ನಾಯಿಯ ಸಣಕಲು ಹೊಟ್ಟೆ, ನೀಳವಾದ ಕಾಲುಗಳು ಬೇಟೆಗಾರನು ಬಯಸಿ ಬೆಳೆಸಿದವಲ್ಲವೆ? 2005ರಲ್ಲಿ ಅಂಚೆಚೀಟಿಯ ಮೇಲೆ ಅದರ ಚಿತ್ರವನ್ನು ಮುದ್ರಿಸಿ ಸರಕಾರವೇ ಗೌರವಿಸಲಿಲ್ಲವೆ? ಇನ್ನು ಪ್ರಯೋಜನವೇ ಬೇಕೆಂದರೆ, ಹೂವಿನಹಡಗಲಿಯ ಮಲ್ಲಿಗೆಯಿಂದ ಯಾರ ಹೊಟ್ಟೆ ತುಂಬುತ್ತದೆ? ಕಂಪಿಗಾಗಿಯೇ ಅದನ್ನು ತಲೆಮಾರುಗಳಿಂದ ಬೆಳೆಸಿಲ್ಲವೆ? ಸೌಂದರ್ಯವೂ ಒಂದು ಪ್ರಯೋಜನವೇ.

ಈ ಆಕ್ಷೇಪವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಸೌಂದರ್ಯವು ಪ್ರಯೋಜನವೆಂಬ ಮಾತನ್ನು ಸಂಸ್ಕೃತ ಸಾಹಿತ್ಯವನ್ನು ಓದಿದವರಾರೂ ಅಲ್ಲಗಳೆಯಲಾರರು. ಆದರೆ ಕೊಟ್ಟ ದೃಷ್ಟಾಂತಗಳೇ ಭೇದವನ್ನೂ ತೋರಿಸುತ್ತವೆ. ಮಲ್ಲಿಗೆಗೆ ಚಳಿಯಾದರೆ ನಡುಗುವ ಮೈಯಿಲ್ಲ. ಮುಧೋಳದ ನಾಯಿಯ ಮೈಕಟ್ಟು ಓಡುವುದಕ್ಕೆಂದು ಆದುದು. ಓಡುವಾಗ ಅದಕ್ಕೇ ಅದು ಹಿತ. ಬಳ್ಳಾರಿಯ ಕುರಿಯಂತೂ ಈ ಬಿರುಬಿಸಿಲಿನ ಬರಡುನೆಲದಲ್ಲಿ ಹತ್ತಾರು ಮೈಲಿ ನಡೆದು ಮೇಯಬಲ್ಲದು. ಅದರ ಒರಟು ಉಣ್ಣೆ ಕುರಿಯನ್ನೂ ಕಾಯುತ್ತದೆ, ಕತ್ತರಿಸಿ ನೂತು ಕಂಬಳಿಯಾದ ಮೇಲೆ ಕುರುಬನನ್ನೂ ಕಾಯುತ್ತದೆ, ಮೈಲಾರದ ಗೊರವನ ಹೆಗಲನ್ನೂ ಏರುತ್ತದೆ. ಅಂದರೆ ಆ ಆಯ್ಕೆಗಳಲ್ಲಿ ಮನುಷ್ಯನು ಪ್ರಾಣಿಯ ಬದುಕಿಗೆ ಏನನ್ನೋ ಕೂಡಿಸಿದನು, ಇಲ್ಲವೆ ಇದ್ದುದನ್ನು ತೀಡಿದನು. ಗುಂಗುರು ಬೆಕ್ಕಿನಲ್ಲಿ ಕಾವಲನ್ನು ಕಳೆದು ಅಂದವನ್ನು ಪಡೆದನು. ಕಳೆದುಕೊಂಡದ್ದು ಬೆಕ್ಕು, ಪಡೆದದ್ದು ನೋಡುವವನು. ಇದು ಪಾಪವೆಂದು ಘೋಷಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ಇದೊಂದು ಸಾಲವೆಂಬುದರಲ್ಲಿ ಸಂಶಯವಿಲ್ಲ. ಬೆಕ್ಕಿನ ಮೈಯಿಂದ ತೆಗೆದ ಕಾವಲನ್ನು ಕೊಂಡವನು ತನ್ನ ಕೈಯಿಂದ ದಿನದಿನವೂ ಹಿಂದಕ್ಕೆ ಕೊಡಬೇಕು.

ಅದನ್ನು ಕೊಡುವ ಬಗೆಯು ಊರಿಂದೂರಿಗೆ ಬೇರೆ. ಈ ಸೀಮೆಯಲ್ಲಿ ಬೇಸಗೆಯ ಹಗಲು 40 ಡಿಗ್ರಿಯ ಸಮೀಪಕ್ಕೆ ಏರುತ್ತದೆ. ಮಾಗಿಯ ಬೆಳಗಿನ ಜಾವ ಬಯಲುಗಾಳಿ ಮೈ ಕೊರೆಯುತ್ತದೆ. ತೆಳುರೋಮದ ರೆಕ್ಸಿಗೆ ಬಿಸಿಲಿನಲ್ಲಿ ಚರ್ಮ ಸುಡುತ್ತದೆ, ಚಳಿಯಲ್ಲಿ ಕಾವು ಬೇಗ ಸೋರಿಹೋಗುತ್ತದೆ. ಆದುದರಿಂದ ಮಾಳಿಗೆಯ ಮೇಲೂ ಹಿತ್ತಿಲಲ್ಲೂ ತಿರುಗಿಕೊಂಡಿರಲೆಂದು ಅದನ್ನು ಬಿಡುವಂತಿಲ್ಲ. ಬೇಸಗೆಯಲ್ಲಿ ತಂಪಾದ ನೆಲದ ಕೋಣೆ, ಎರಡು ಮೂರು ಕಡೆ ನೀರು; ಮಾಗಿಯಲ್ಲಿ ಹಳೆಯ ಕಂಬಳಿಯ ಮಡಿಕೆಯೊಂದಾದರೂ ಬೇಕು. ಮುಟ್ಟಿದಾಗ ಈ ಬೆಕ್ಕುಗಳ ಮೈ ಬೆಚ್ಚಗೆನ್ನಿಸಿ ಜ್ವರವೆಂದು ಗಾಬರಿಪಡುವವರುಂಟು. ಜ್ವರವಲ್ಲ, ಕಾವಿಗೂ ಕೈಗೂ ನಡುವೆ ಮರೆಯಿಲ್ಲ, ಅಷ್ಟೆ. ಗಡಸು ಬಾಚಣಿಗೆಯಿಂದ ತೀಡಿದರೆ ಕೂದಲು ಮುರಿದು ಬರಿಯ ಚರ್ಮ ಕಾಣಿಸುತ್ತದೆ. ಅಂಗೈಯಿಂದಲೋ ಮೆತ್ತನೆಯ ಬಟ್ಟೆಯಿಂದಲೋ ಸವರಿದರೆ ಸಾಕು. ಚರ್ಮದ ಜಿಡ್ಡನ್ನು ಹೀರುವಷ್ಟು ರೋಮವಿಲ್ಲದುದರಿಂದ ಜಿಡ್ಡು ಚರ್ಮದ ಮೇಲೂ ಉಗುರಿನ ಬುಡದಲ್ಲಿಯೂ ದೊಡ್ಡ ಕಿವಿಗಳಲ್ಲಿಯೂ ಕೂಡಿಕೊಳ್ಳುತ್ತದೆ, ಅದನ್ನು ಒರಸುತ್ತಿರಬೇಕು. ದಟ್ಟರೋಮದ ಸೆಲ್ಕರ್ಕಿನ ಕಷ್ಟ ಬೇರೆ; ಅದರ ರೋಮ ಸಿಕ್ಕುಗಟ್ಟುತ್ತದೆ, ಈ ಸೀಮೆಯ ಸೆಕೆಯಲ್ಲಿ ಬೇಯುತ್ತದೆ.

ಆಹಾರದ ಪ್ರಶ್ನೆಯು ಇವೆಲ್ಲಕ್ಕಿಂತ ಕಠಿನವಾದುದು. ಅನೇಕ ಕನ್ನಡ ಮನೆಗಳಲ್ಲಿ ಮಾಂಸವನ್ನು ಹೊಸಲು ದಾಟಿಸುವುದಿಲ್ಲ. ಅಟ್ಟದ ಬೆಕ್ಕಿಗೆ ಅದರಿಂದ ಬಾಧೆಯಿಲ್ಲ. ಅದು ಮನೆಯವರ ಹಾಲುರೊಟ್ಟಿಯನ್ನು ಮರ್ಯಾದೆಗಾಗಿ ತಿಂದು ತನ್ನ ನಿಜವಾದ ಊಟವನ್ನು ಕತ್ತಲಲ್ಲಿ ತಾನೇ ಹುಡುಕಿಕೊಳ್ಳುತ್ತದೆ. ಬಾಗಿಲು ಮುಚ್ಚಿದ ಮನೆಯೊಳಗಣ ಬೆಕ್ಕಿಗೆ ಆ ದಾರಿಯಿಲ್ಲ. ಬೆಕ್ಕು ಮಾಂಸದಿಂದಲೇ ಬದುಕುವಂತೆ ರಚಿತವಾದ ಪ್ರಾಣಿ. ಟಾರೀನ್ ಎಂಬ ಸತ್ತ್ವ ಕಡಿಮೆಯಾದರೆ ಅದರ ಕಣ್ಣಿನ ಪಟಲ ಕ್ಷಯಿಸುವುದೆಂದು 1975ರಲ್ಲಿಯೂ, ಹೃದಯವು ಹಿಗ್ಗಿ ಸೋಲುವುದೆಂದು 1987ರಲ್ಲಿಯೂ ಶೋಧಕರು ತೋರಿಸಿದರು. ಟಾರೀನನ್ನು ಕಾರ್ಖಾನೆಯಲ್ಲಿ ಮಾಡಬಹುದು. ಆದರೆ ಗಜ್ಜರಿಯಲ್ಲಿರುವ ವರ್ಣದಿಂದ ಎ ಅನ್ನಾಂಗವನ್ನು ರಚಿಸಿಕೊಳ್ಳುವ ಶಕ್ತಿಯೂ ಬೆಕ್ಕಿಗಿಲ್ಲ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲೂ ಅರಗುವುದಿಲ್ಲ. ಮನುಸ್ಮೃತಿಯು ಒಳಗೊಂದು ಹೊರಗೊಂದು ನಡೆಯುವ ಕಪಟಿಗೆ ಬೈಡಾಲವ್ರತಿಕನೆಂದು ಹೆಸರಿಟ್ಟಿತು, ಎಂದರೆ ಬೆಕ್ಕಿನ ವ್ರತವನ್ನು ಹಿಡಿದವನು. ಬೆಕ್ಕಿಗೆ ಮಾಡಿದ ಅನ್ಯಾಯಗಳಲ್ಲಿ ಇದೂ ಒಂದು. ಬೆಕ್ಕು ಯಾವ ವ್ರತವನ್ನೂ ಹಿಡಿದಿಲ್ಲ. ತನ್ನ ವ್ರತವನ್ನು ಅದರ ಕೊರಳಿಗೆ ಕಟ್ಟಿ ಹಾಲನ್ನ ಬಡಿಸುವ ಗೃಹಸ್ಥನೇ ಅಹಿಂಸೆಯ ಹೆಸರಿನಲ್ಲಿ ಅದನ್ನು ಕುರುಡಾಗಿಸುತ್ತಾನೆ. ಅಂಗಡಿಯ ಚೀಲದಲ್ಲಿ ಬರುವ ಒಣ ಆಹಾರದಲ್ಲಿ ಮಾಂಸವು ಕಣ್ಣಿಗೆ ಕಾಣದಿದ್ದರೂ ಇದೆಯಷ್ಟೆ. ಅದನ್ನು ತಿಳಿದೇ ಕೊಳ್ಳಬೇಕು. ಅದು ಒಲ್ಲೆನೆನ್ನುವ ಮನೆಗೆ ಬೆಕ್ಕು ತಕ್ಕುದಲ್ಲ; ಗಿಳಿಯೂ ಅಲ್ಲ, ಏಕೆಂದರೆ ಅದನ್ನು ಪಂಜರದಲ್ಲಿಡುವುದನ್ನು ವನ್ಯಜೀವಿಗಳ ಕಾಯಿದೆ ನಿಷೇಧಿಸಿದೆ. ಆ ಮನೆಗೆ ಹಸು ಸಲ್ಲುತ್ತದೆ.

ಇಷ್ಟು ಕೊಂಡ ಮೇಲಿನ ಮಾತು. ಕೊಳ್ಳುವುದಕ್ಕೆ ಮೊದಲು ಕೇಳಬೇಕಾದ ಒಂದು ಪ್ರಶ್ನೆಯನ್ನು ಮಾತ್ರ ಇಲ್ಲಿ ವಿಸ್ತರಿಸಬೇಕು. ಗುಂಗುರಿನ ವ್ಯಾಮೋಹವು ಯಾವುದನ್ನು ಮರೆಸುತ್ತದೆಂಬುದಕ್ಕೆ ಅದಕ್ಕಿಂತ ಕರುಳು ಹಿಂಡುವ ನಿದರ್ಶನವಿಲ್ಲ. ಮನುಷ್ಯರಂತೆ ಬೆಕ್ಕುಗಳಲ್ಲಿಯೂ ರಕ್ತದ ಗುಂಪುಗಳುಂಟು. ಬೀದಿಬೆಕ್ಕುಗಳಲ್ಲಿ ಬಹುಪಾಲು ಎ ಗುಂಪಿನವು. ಕಾರ್ನಿಷ್ ಮತ್ತು ಡೆವನ್ ರೆಕ್ಸುಗಳಲ್ಲಿ ಬಿ ಗುಂಪಿನವೂ ಗಣನೀಯ. ಬಿ ಗುಂಪಿನ ತಾಯಿಯ ರಕ್ತದಲ್ಲಿ ಎ ರಕ್ತವನ್ನು ಒಡೆಯುವ ಪ್ರತಿವಸ್ತು ಹುಟ್ಟಿನಿಂದಲೇ ಬಲವಾಗಿರುತ್ತದೆ. ಈದ ಮೇಲೆ ಅದು ಗಿಣ್ಣುಹಾಲಿಗೆ ಇಳಿಯುತ್ತದೆ. ಇಂಥ ತಾಯಿಯನ್ನು ಎ ಗುಂಪಿನ ಗಂಡಿನೊಡನೆ ಕೂಡಿಸಿದರೆ ಹುಟ್ಟುವ ಎ ಗುಂಪಿನ ಮರಿಗಳು ಆರೋಗ್ಯವಾಗಿಯೇ ಹುಟ್ಟುತ್ತವೆ, ಲವಲವಿಕೆಯಿಂದಲೇ ಮೊಲೆಗೆ ಬಾಯಿಡುತ್ತವೆ, ಒಂದೆರಡು ದಿನಗಳಲ್ಲಿ ಮೂತ್ರ ಕೆಂಪಾಗಿ ಮೈ ಹಳದಿಯಾಗಿ ಸಾಯುತ್ತವೆ. ತಾಯಿಹಾಲೇ ವಿಷ. ತಾಯಿ ನೆಕ್ಕುತ್ತಲೇ ಇರುತ್ತದೆ; ಅದಕ್ಕೇನು ಗೊತ್ತು? ಗೊತ್ತಿರಬೇಕಾದವನು ಕೂಡಿಸಿದವನು. ಕೂಡಿಸುವ ಮೊದಲು ಎರಡರ ರಕ್ತವನ್ನೂ ಪರೀಕ್ಷಿಸಿದ್ದರೆ ಇದು ತಪ್ಪುತ್ತಿತ್ತು. ಅದು ಕೈಮೀರಿದಲ್ಲಿ ಹುಟ್ಟಿದ ಮರಿಗಳನ್ನು ಮೊದಲ 24 ಗಂಟೆಗಳ ಕಾಲ ತಾಯಿಯ ಹಾಲಿನಿಂದ ದೂರವಿಟ್ಟು ಬೇರೆ ಹಾಲನ್ನೂಡಿಸಿದರೂ ಬದುಕುತ್ತವೆ. ಆಮೇಲೆ ಮರಿಯ ಕರುಳು ಆ ಪ್ರತಿವಸ್ತುವನ್ನು ರಕ್ತಕ್ಕೆ ಬಿಡುವುದಿಲ್ಲ. ಹೀಗಾಗಿ ಮಾರುವವನನ್ನು ಸುರುಳಿ ಎಷ್ಟು ಬಿಗಿಯೆಂದು ಕೇಳುವುದಕ್ಕೆ ಮೊದಲು ತಾಯಿತಂದೆಗಳ ರಕ್ತವಾವುದು, ಅವುಗಳ ಹೃದಯವನ್ನು ವೈದ್ಯರು ನೋಡಿರುವರೆ, ಡೆವನ್ ಆದರೆ ಸ್ನಾಯುಗಳನ್ನು ಕುಗ್ಗಿಸುವ ವಂಶರೋಗದ ಪರೀಕ್ಷೆಯಾಗಿದೆಯೆ, ಮರಿಯು ಹನ್ನೆರಡು ವಾರವಾದರೂ ತಾಯಿಯ ಬಳಿ ಇತ್ತೆ ಎಂದು ಕೇಳುವುದು ವಿಹಿತ. ಈ ತಳಿಯಿಂದ ಸೀನು ಉಬ್ಬಸಗಳು ಬಾರವೆಂದು ಮಾರುವವರು ಹೇಳುವುದನ್ನಂತೂ ನಂಬಲಾಗದು. ಅವಕ್ಕೆ ಕಾರಣವಾದ ವಸ್ತುವು ಬೆಕ್ಕಿನ ಎಂಜಲಿನಲ್ಲಿಯೂ ಚರ್ಮದ ಜಿಡ್ಡಿನಲ್ಲಿಯೂ ಇರುತ್ತದೆ. ರೋಮ ಸುರುಳಿಯಾದರೆ ಎಂಜಲು ಬದಲಾಗುವುದಿಲ್ಲ.

ಸುಳ್ಳು ಭರವಸೆಯನ್ನು ನಂಬಿ ತಂದ ಬೆಕ್ಕನ್ನು ಮಗುವಿಗೆ ಸೀನು ಬಂದೊಡನೆ ಹೊರಗೆ ಬಿಡುತ್ತಾರೆ. ಬಿಡುವುದೇ ಈ ಪ್ರಶ್ನೆಯ ಮರ್ಮಸ್ಥಾನ. ಕಾರ್ನಿಷ್ ತಳಿಯ ಆದಿಕಥೆಯಲ್ಲಿಯೇ ಇದರ ನೆರಳು ಬಿದ್ದಿದೆ. ಕಲಿಬಂಕರನ ಸಂತತಿ ಬೆಳೆಯುತ್ತ ಹೋದಂತೆ ಸಾಕುತ್ತಿದ್ದ ಮಹಿಳೆಗೆ ಖರ್ಚು ತಡೆಯಲಾಗಲಿಲ್ಲ. 1956ರ ಹೊತ್ತಿಗೆ ಅನೇಕ ಬೆಕ್ಕುಗಳಿಗೆ ಔಷಧದಿಂದ ಸಾವನ್ನು ಕೊಡಿಸಬೇಕಾಯಿತು. ಆ ಅನೇಕರಲ್ಲಿ ಕಲಿಬಂಕರನೂ ಇದ್ದನು, ಅವನ ತಾಯಿ ಸೆರೀನಾಳೂ ಇದ್ದಳು. ಕುಲವು ಉಳಿಯಿತು, ಅದರ ಮೂಲಪುರುಷನಿಗೆ ಒಲೆಯ ಪಕ್ಕದಲ್ಲಿ ಮುಪ್ಪಾಗುವ ಭಾಗ್ಯ ದೊರೆಯಲಿಲ್ಲ. ಆಕೆಯ ಬಡತನವನ್ನು ಹಳಿಯುವುದು ಕ್ರೌರ್ಯ. ಬೀದಿಗೆ ಬಿಡುವುದಕ್ಕಿಂತ ನೋವಿಲ್ಲದ ಸಾವೇ ಕರುಣೆಯೆಂದು ಆಕೆ ಎಣಿಸಿದ್ದಿರಬಹುದು. ಕಾವಲುರೋಮವಿಲ್ಲದ ಬೆಕ್ಕಿನ ಮಟ್ಟಿಗೆ ಆ ಎಣಿಕೆ ಪೂರ್ತಿ ತಪ್ಪೂ ಅಲ್ಲ. ಆದರೆ ಎಷ್ಟು ಮರಿಗಳನ್ನು ಹುಟ್ಟಿಸಬಹುದೆಂಬ ಲೆಕ್ಕಕ್ಕೆ ಮೊದಲು ಎಷ್ಟನ್ನು ಸಾಕಬಹುದೆಂಬ ಲೆಕ್ಕವಾಗಬೇಕಾಗಿತ್ತು.

ಮಹಾಪ್ರಸ್ಥಾನದಲ್ಲಿ ಧರ್ಮರಾಯನ ಹಿಂದೆ ಒಂದು ನಾಯಿ ನಡೆಯಿತು. ಇಂದ್ರನು ರಥವನ್ನು ತಂದು, ನಾಯಿಯನ್ನು ಬಿಟ್ಟು ಬಾ ಎಂದಾಗ ಆತನು ಸ್ವರ್ಗವನ್ನೇ ಬೇಡವೆಂದನು. ಆಶ್ರಯಿಸಿದವರನ್ನು ತ್ಯಜಿಸುವುದು ಮಹಾಪಾತಕಗಳಿಗೆ ಸಮಾನವೆಂಬುದು ಆತನ ನಿಲವು. ಆ ನಾಯಿ ಎಂಥ ತಳಿಯದೆಂದು ಧರ್ಮರಾಯನು ಕೇಳಿದವನಲ್ಲ. ಮೇಲಾಗಿ ಆತನು ಅದನ್ನು ಆರಿಸಿ ತಂದವನೂ ಅಲ್ಲ; ಅದೇ ಬೆನ್ನು ಹತ್ತಿ ಬಂದುದು. ತಾನಾಗಿ ಬಂದುದನ್ನು ಬಿಡುವುದೇ ಅಷ್ಟು ದೊಡ್ಡ ಪಾಪವಾದರೆ, ಹಣ ಕೊಟ್ಟು ಆರಿಸಿ ತಾಯಿಯಿಂದಗಲಿಸಿ ತಂದುದನ್ನು ಬಿಡುವವನ ಗತಿಯೇನು? ಇಂಡಿಯದ 1960ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯು ಹಸಿವಿನಿಂದಲೋ ನೀರಡಿಕೆಯಿಂದಲೋ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತ್ಯಜಿಸುವುದನ್ನು ಅಪರಾಧವೆಂದೇ ಎಣಿಸಿತು. ಆದರೆ ಮೊದಲ ಅಪರಾಧಕ್ಕೆ ಅದು ವಿಧಿಸಿದ ದಂಡ 10 ರೂಪಾಯಿಗೆ ಕಡಿಮೆಯಿಲ್ಲದಂತೆ 50 ರೂಪಾಯಿಯವರೆಗೆ. ಧರ್ಮರಾಯನು ಸ್ವರ್ಗವನ್ನು ಒತ್ತೆಯಿಟ್ಟ ವಿಷಯಕ್ಕೆ ಶಾಸನವು ಕಟ್ಟಿದ ಬೆಲೆಯಿದು.

ವೇದಾಂತಿಗಳು ಬೆಕ್ಕಿನಿಂದ ಒಂದು ನ್ಯಾಯವನ್ನೇ ಪಡೆದರು. ಶ್ರೀವೈಷ್ಣವರಲ್ಲಿ ವಡಗಲೆಯವರು ಜೀವನು ಮಂಗನ ಮರಿಯಂತೆ ತಾಯಿಯನ್ನು ತಾನೂ ಹಿಡಿದುಕೊಳ್ಳಬೇಕೆನ್ನುತ್ತಾರೆ. ತೆಂಗಲೆಯವರು ಬೆಕ್ಕಿನ ಮರಿಯಂತೆ ಸುಮ್ಮನಿರಬೇಕು, ಕಚ್ಚಿಕೊಂಡು ಒಯ್ಯುವ ಭಾರ ತಾಯಿಯದು ಎನ್ನುತ್ತಾರೆ. ದೇವರ ವಿಷಯದಲ್ಲಿ ಯಾವುದು ಸರಿಯೆಂಬ ಜಗಳ ಅವರಿಗೇ ಇರಲಿ. ಅಟ್ಟದ ಬೆಕ್ಕು ಮನೆಯನ್ನು ಹಿಡಿದುಕೊಂಡಿರುವುದು ಮಂಗನ ಮರಿಯಂತೆ, ತನ್ನ ಬಲದಿಂದ. ಕೈ ಬಿಟ್ಟರೂ ಬೀಳದು. ತಳಿಯ ಬೆಕ್ಕನ್ನು ಮಾತ್ರ ಮನುಷ್ಯನು ಮಾರ್ಜಾಲಕಿಶೋರವಾಗಿ ಮಾಡಿಟ್ಟಿದ್ದಾನೆ. ಅದಕ್ಕೆ ಹಿಡಿದುಕೊಳ್ಳಲು ಏನೂ ಉಳಿದಿಲ್ಲ, ಹಿಡಿದಿರುವವನು ಅವನೊಬ್ಬನೇ. ಅರವತ್ತು ದಾಟಿದವರು ಇಂಥ ಮರಿಯನ್ನು ತರುವಾಗ ತಮ್ಮ ನಂತರ ಅದನ್ನು ಯಾರು ಎತ್ತಿಕೊಳ್ಳುವರೆಂಬುದನ್ನೂ ಮಕ್ಕಳೊಡನೆ ಮಾತಾಡಿಕೊಳ್ಳುವುದು ಒಳಿತು. ಹೊಲಮನೆಗಳ ಪಾಲಿನ ಮಾತು ಹೇಗೂ ನಡೆಯುತ್ತಿರುತ್ತದಲ್ಲ.

ಹಾಗಾದರೆ ಗುಂಗುರು ಬೆಕ್ಕನ್ನು ಯಾರೂ ಕೊಳ್ಳಬಾರದೆ? ಹುಟ್ಟಿದ ಜೀವಕ್ಕೆ ಮನೆ ಬೇಕು. ಈ ಸಾಲವನ್ನು ಅರಿತು ತೀರಿಸಬಲ್ಲವನ ಮನೆಗೆ ಅದು ಬರುವುದರಲ್ಲಿ ದೋಷವಿಲ್ಲ. ಆದರೆ ಆರಿಸಲು ಹೋದವರ ಕಣ್ಣು ಸಾಮಾನ್ಯವಾಗಿ ಬೀಳದ ಒಂದು ಮೂಲೆಯುಂಟು. ಸೆಲ್ಕರ್ಕಿನ ಗುಂಗುರು ಪ್ರಬಲ ಗುಣವಾದುದರಿಂದ ಒಂದೇ ಸೂಲಿನಲ್ಲಿ ಗುಂಗುರಿನ ಮರಿಗಳೊಡನೆ ನೆಟ್ಟನೆಯ ರೋಮದ ಮರಿಗಳೂ ಹುಟ್ಟುತ್ತವೆ; ಸುಪ್ತಗುಣದ ತಳಿಗಳಲ್ಲಿಯೂ ಬೇರೆ ರಕ್ತ ಬೆರೆಸಿದಾಗ ಹೀಗಾಗುವುದುಂಟು. ಅದೇ ತಾಯಿ, ಅದೇ ತಂದೆ, ಅದೇ ಚೆಲುವಾದ ಸ್ವಭಾವ. ವಂಶಾವಳಿಯ ಪತ್ರದಲ್ಲಿ ಅವುಗಳ ಅಜ್ಜಮುತ್ತಜ್ಜರ ಹೆಸರುಗಳೂ ಅವೇ. ಪ್ರದರ್ಶನದಲ್ಲಿ ಗೆಲ್ಲಲಾರವೆಂಬ ಕಾರಣಕ್ಕೆ ಅವುಗಳ ಬೆಲೆ ಕಡಿಮೆ. ಕಲಿಬಂಕರನೊಡನೆ ಹುಟ್ಟಿದ ಆ ನಾಲ್ಕು ಒಡಹುಟ್ಟುಗಳೂ ಇಂಥವೇ. ಇವುಗಳ ಮೈಮೇಲೆ ಕಾವಲುರೋಮವು ಪೂರ್ಣವಾಗಿರುತ್ತದೆ, ಮೀಸೆಯು ನೆಟ್ಟಗಿರುತ್ತದೆ, ಅರಸೀಕೆರೆಯ ಮಾಗಿಯ ಗಾಳಿಯನ್ನು ಅವು ಒಲೆಯ ಪಕ್ಕದ ಒಂದು ಗೋಣಿತಟ್ಟಿನ ಮೇಲೆಯೇ ಕಳೆಯಬಲ್ಲವು.